ಮೂರನೆಯ ಹಾಡು ಮುಗಿದ ಮೇಲೆ

ಇಳಕಲ್ ಬಸ್ ನಿಲ್ದಾಣದ ಹಿಂದಿನ ಮಿಠಾಯಿ ಅಂಗಡಿಯಲ್ಲಿ ಯಾರೋ ಒಣದ್ರಾಕ್ಷಿ ಕುದಿಸುತ್ತಿದ್ದರು. ಹುನಗುಂದದ ಬಸ್ಸಿಗೆ ಕಾಯುತ್ತ ನಿಂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಮೊದಲು ಸಿಹಿ, ಅದರ ಹಿಂದೆ ತುಸು ಹುಳಿ, ಕೊನೆಗೆ ತಾಮ್ರದ ಪಾತ್ರೆಯದೊಂದು ಸಣ್ಣ ಒಗರು. ಬಸ್ಸು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಅರವತ್ತು ದಾಟಿದ ನಿವೃತ್ತ ಶಿಕ್ಷಕಿ ದ್ರಾಕ್ಷಿಯ ವಾಸನೆಗೆ ಬಸ್ಸು ತಪ್ಪಿಸಿಕೊಂಡಳೆಂದರೆ ಯಾರೂ ನಂಬುವುದಿಲ್ಲ. ಆದರೆ ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ನಮ್ಮ ಮನೆಯಲ್ಲಿ ಇದೇ ವಾಸನೆ ತುಂಬಿರುತ್ತಿತ್ತು. ಹುನಗುಂದದ ನಮ್ಮ ಪುಟ್ಟ ಕ್ರೈಸ್ತ ದೇವಾಲಯದ ಆವರಣದಲ್ಲೇ ಇದ್ದ ಮಣ್ಣಿನ ಮಾಳಿಗೆಯ ಮನೆ ಅದು. ಅಜ್ಜಿ ಕರುಣವ್ವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡುವವಳು. ಹಸಿ ದ್ರಾಕ್ಷಿ ಸಿಗದ ತಿಂಗಳುಗಳಲ್ಲಿ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ತನ್ನ ಹಳೆಯ ಇಳಕಲ್ ಸೀರೆಯ ಮೆತ್ತನೆಯ ತುಂಡಿನಲ್ಲಿ ಸೋಸುತ್ತಿದ್ದಳು. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಸಿಮೆಂಟು ಬಳಿದು ಮೋಟಾರುಗಾಡಿಗಳನ್ನು ನಿಲ್ಲಿಸುತ್ತಾರೆ.

ಅಜ್ಜನ ಹೆಸರು ಸಮಾಧಾನಪ್ಪ. ಹಿರಿಯರ ಸಭೆಯ ಕಾರ್ಯದರ್ಶಿ. ಹುನಗುಂದದ ಬಿಸಿಲಿನಲ್ಲೂ ಕರಿ ಕೋಟು ತೊಟ್ಟು, ಸ್ವರ್ಗದ ಬೀಗದಕೈ ಒಳಜೇಬಿನಲ್ಲಿದೆ ಎಂಬಂತೆ ಎದೆಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ನಮ್ಮ ಸಭೆಯಲ್ಲೊಂದು ಪದ್ಧತಿ. ಮೊದಲ ಭಾನುವಾರ ಮೂರನೆಯ ಹಾಡು ಮುಗಿದೊಡನೆ ಅಜ್ಜ ಮೇಜಿನ ಮೇಲಿನ ಹಿತ್ತಾಳೆಯ ಗಂಟೆಯನ್ನು ಒಮ್ಮೆ ಬಾರಿಸುವನು. ಆಗ ಸಭೆಯ ಪುಸ್ತಕದಲ್ಲಿ ಹೆಸರಿಲ್ಲದವರೆಲ್ಲ ಎದ್ದು ಹೊರಗೆ ಹೋಗಬೇಕು, ಬಾಗಿಲು ಹಾಕಬೇಕು, ಉಳಿದವರು ರೊಟ್ಟಿ ಮುರಿದು ದ್ರಾಕ್ಷಾರಸ ಕುಡಿಯಬೇಕು. ಅಜ್ಜನ ಅಜ್ಜ ಊರ ಗುಡಿಯ ಹೊರಗೆ ನಿಂತು ನಿಂತು ಬೇಸತ್ತೇ ಕ್ರಿಸ್ತನ ಬಳಿ ಬಂದವನಂತೆ. ಹೊರಗೆ ನಿಲ್ಲಿಸುವ ವಿದ್ಯೆಯನ್ನು ಮಾತ್ರ ಮರೆಯದೆ ಜೊತೆಗೆ ತಂದಿದ್ದ.

ಹೀಗೆ ಹೊರಬೀಳುವವರು ನಾವು ಏಳೆಂಟು ಮಕ್ಕಳು ಮತ್ತು ಹುಲಿಗೆವ್ವ. ನಲವತ್ತರ ಆಸುಪಾಸಿನ ಹೆಂಗಸು. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟಿಗೆ ಹೊಳಪು ಕೊಡುವ ಕೆಲಸ ಮಾಡುತ್ತಿದ್ದಳು. ಭಾನುವಾರ ಮೊದಲ ಬಸ್ಸಿಗೆ ಬರುತ್ತಿದ್ದಳು, ಎಷ್ಟು ತೊಳೆದರೂ ಹುಬ್ಬಿನಲ್ಲಿ ಕಲ್ಲಿನ ಪುಡಿ ಉಳಿದಿರುತ್ತಿತ್ತು. ಗಂಟೆ ಬಾರಿಸಿದಾಗ ನಮಗಿಂತ ಮೊದಲು ಎದ್ದು, "ನಡೀರಿ, ನಮ್ಮ ಪಾಳೇ ಮುಗೀತು" ಎಂದು ನಮ್ಮನ್ನು ಬೇವಿನ ಮರದಡಿ ಕೂರಿಸುತ್ತಿದ್ದಳು. ಬೈಬಲಿನ ಕಥೆಗಳನ್ನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು. ಅವಳ ನೋಹ ಮಲಪ್ರಭೆಯ ದಂಡೆಯವನು, ಹಡಗು ಕಟ್ಟುವಾಗ ಹೆಂಡತಿಯ ಕೈಲಿ ದಿನಾ ಬೈಸಿಕೊಳ್ಳುವವನು. ಒಳಗಿನ ಮೌನಕ್ಕಿಂತ ಹೊರಗಿನ ನಗು ಜೋರಾದಾಗ ಅಜ್ಜ ಕಿಟಕಿಯಿಂದ ಇಣುಕುವನು. ಹುಲಿಗೆವ್ವ ತಕ್ಷಣ ಸೆರಗು ಹೊದ್ದು, ನಮ್ಮೆಲ್ಲರಿಗಿಂತ ಭಕ್ತಿಯಿಂದ ಕಣ್ಣು ಮುಚ್ಚುವಳು.

ಆಕೆಗೆ ಇದ್ದದ್ದು ಒಂದೇ ಆಸೆ. ಪುಸ್ತಕದಲ್ಲಿ ಹೆಸರು ಸೇರಬೇಕು, ಎಲ್ಲರೊಂದಿಗೆ ಕೂತು ಆ ರೊಟ್ಟಿ ತಿನ್ನಬೇಕು. ಓದು ಬಾರದು. ಅಜ್ಜಿ ಶೇಂಗಾ ಸುಲಿಯುತ್ತ ಹಿರಿಯರು ಕೇಳುವ ಪ್ರಶ್ನೋತ್ತರವನ್ನೆಲ್ಲ ಬಾಯಿಪಾಠ ಮಾಡಿಸಿದಳು. ಹಿರಿಯರ ಸಭೆ ನಮ್ಮ ಪಡಸಾಲೆಯಲ್ಲಿ ಕೂತು ಆಕೆಯನ್ನು ಪರೀಕ್ಷಿಸಿದ ಸಂಜೆ ನಾನು ಒಳಗಿನಿಂದ ಎಲ್ಲ ಕೇಳಿದೆ. ಹತ್ತು ಆಜ್ಞೆಗಳನ್ನು ಆಕೆ ತಡವರಿಸದೆ ಹೇಳಿದಳು. ಹಿರಿಯರಲ್ಲಿ ಇಬ್ಬರಿಗೆ ಎಂಟನೆಯದರ ಆಚೆ ನೆನಪು ಓಡಲಿಲ್ಲವಾದ್ದರಿಂದ ಅವರು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಅಜ್ಜ ಪುಸ್ತಕ ತೆರೆದು, ಲೇಖನಿ ಅದ್ದಿ, ಕೇಳಿದ.

"ಗಂಡನ ಹೆಸರೇನು?"

"ಇಲ್ರೀ ಯಪ್ಪಾ."

"ಇಲ್ಲಂದ್ರ? ತೀರಕೊಂಡಾನೇನು?"

"ಇದ್ದಿದ್ರ ತೀರಕೊಳ್ತಿದ್ದನೋ ಏನೋರಿ. ಸಣ್ಣಾಕಿದ್ದಾಗ ನಮ್ಮವ್ವ ದೇವೀಗೆ ಮುತ್ತು ಕಟ್ಟಿಸಿ ಬಿಟ್ಟಳು. ನಾ ಆ ಬಾಳೇವು ಬಿಟ್ಟು ಹದಿನೈದು ವರ್ಷ ಆತು. ಆ ದೇವೀ ಹೆಸರು ಬರಕೋತೀರೇನು?"

ಪಡಸಾಲೆಯಲ್ಲಿ ಕೆಮ್ಮು ಹಬ್ಬಿತು. ಪುಸ್ತಕದ ಆ ಕಾಲಮ್ಮಿನಲ್ಲಿ ಹೆಂಗಸರಿಗೆ ಮೂರೇ ಗತಿ: ಗಂಡನ ಹೆಸರು, ಇಲ್ಲವೆ ಕನ್ಯೆ, ಇಲ್ಲವೆ ವಿಧವೆ. ಹುಲಿಗೆವ್ವ ಮೂರರಲ್ಲೂ ಹಿಡಿಸಲಿಲ್ಲ. ಪಾಪಿಗಳಿಗಾಗಿ ಪ್ರಾಣ ಕೊಟ್ಟವನ ಮನೆಯಲ್ಲಿ ಒಂದು ಕಾಲಮ್ಮಿನ ಸಲುವಾಗಿ ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಮುಂದಿನ ಸಭೆ ಅದರ ಮುಂದಿನದಕ್ಕೆ ಹಾಕಿತು. ಹೀಗೆ ಆರು ವರ್ಷ. ಆಕೆ ಪ್ರತಿ ಬಾರಿಯೂ "ಆತು ಬಿಡ್ರಿ, ನಾ ಎಲ್ಲಿ ಹೋಗ್ತೇನಿ" ಎಂದು ಮತ್ತೆ ನಮ್ಮೊಂದಿಗೆ ಬೇವಿನಡಿ ಬಂದು ಕೂರುತ್ತಿದ್ದಳು.

ನಾವು ಮಕ್ಕಳು ಮಾತ್ರ ಬೆಳೆದೆವು. ಹದಿನಾಲ್ಕು ತುಂಬಿದವರು ಒಬ್ಬೊಬ್ಬರಾಗಿ ದೃಢೀಕರಣ ಪಡೆದು, ಪುಸ್ತಕಕ್ಕೆ ಹೆಸರು ಸೇರಿಸಿ ಒಳಗೆ ಉಳಿದರು. ನನ್ನ ಸರದಿಯೂ ಬಂತು. ಅಂದು ಗಂಟೆ ಬಾರಿಸಿದಾಗ ರೂಢಿಯ ಬಲಕ್ಕೆ ನಾನೂ ಎದ್ದುಬಿಟ್ಟೆ. ಪಕ್ಕದವರು ಸೀರೆ ಹಿಡಿದು ಜಗ್ಗಿ ಕೂರಿಸಿದರು. ಹುಲಿಗೆವ್ವ ತಿರುಗಿ ನೋಡಿ ನಕ್ಕು, ನನಗಿಂತ ಗೇಣು ಗಿಡ್ಡ ಇದ್ದವರ ಕೈ ಹಿಡಿದುಕೊಂಡು ಹೊರಗೆ ಹೋದಳು. ಆರಾಧನೆ ಮುಗಿದ ಮೇಲೆ ನನಗೇ ಕಾದಿದ್ದಳು.

"ಹೆಂಗಿತ್ತು ಯವ್ವಾ?"

"ಏನೂ ರುಚಿ ಇಲ್ಲ" ಎಂದೆ.

"ಸುಳ್ಳು ಹೇಳಾಕ ಒಳಗ ಕರಕೊಂಡರೇನು ನಿನ್ನ?" ಎಂದು ನನ್ನ ತಲೆಗೆ ಮೆಲ್ಲನೆ ಮೊಟಕಿದಳು. ಆಮೇಲೆ ಬಹಳ ಹೊತ್ತು ಕೆಮ್ಮಿದಳು. ಕಲ್ಲಿನ ಪುಡಿಯ ಕೆಮ್ಮು ಅದು, ಆಗಲೇ ಎದೆಗೆ ಇಳಿದಿತ್ತು.

ಇದನ್ನೆಲ್ಲ ನೋಡುತ್ತ ಅಜ್ಜಿ ನಿಂತಿದ್ದಳು. ಮುಂದಿನ ತಿಂಗಳ ಮೊದಲ ಭಾನುವಾರ ರಸದ ಹೂಜಿಯನ್ನು ಮೇಜಿನ ಮೇಲಿಟ್ಟಳು, ಮೂರನೆಯ ಹಾಡು ಹಾಡಿದಳು, ಗಂಟೆ ಬಾರಿಸಿದೊಡನೆ ಎದ್ದು ಹುಲಿಗೆವ್ವನ ಹಿಂದೆ ಹೊರನಡೆದಳು. ಕಾರ್ಯದರ್ಶಿಯ ಹೆಂಡತಿ ಬೇವಿನ ಬುಡದಲ್ಲಿ ಕೂತದ್ದನ್ನು ಅಜ್ಜ ಕಿಟಕಿಯಿಂದ ನೋಡಿದ. ಆರಾಧನೆ ನಡೆಸುತ್ತಿದ್ದ ಸಭಾಪಾಲಕರು ಪ್ರಾರ್ಥನೆಯನ್ನು ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಮನೆಯಲ್ಲಿ ಅಜ್ಜ ಊಟದೆಲೆಯ ಮುಂದೆ ಕೂತು, "ಮಂದಿ ಏನಂತಾರ?" ಎಂದ. "ಮಂದಿ ಒಳಗಿದ್ರು. ನಮಗ ಕೇಳಸಲಿಲ್ಲ" ಎಂದು ಅಜ್ಜಿ ಸಾರು ಬಡಿಸಿದಳು. ಅಂದಿನಿಂದ ತನ್ನ ಕೈಯಾರೆ ಮಾಡಿದ ರಸವನ್ನು ಆಕೆ ಬಾಯಿಗೆ ಇಟ್ಟಿದ್ದನ್ನು ನಾನು ಕಾಣಲಿಲ್ಲ.

ಎರಡು ಬೇಸಿಗೆ ಹೀಗೆ ಕಳೆದವು. ಹುಲಿಗೆವ್ವ ಬಾಗಲಕೋಟೆಯ ದವಾಖಾನೆ ಸೇರಿದಳು. ಅಜ್ಜಿ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದಳು. ಸೆರಗಿನ ಗಂಟಿನಲ್ಲಿ ರೊಟ್ಟಿಯ ಚೂರು, ಸಣ್ಣ ಶೀಶೆಯಲ್ಲಿ ರಸ. ಮಂಚದ ಪಕ್ಕ ಕೂತು ಗಂಟು ಬಿಚ್ಚಿದಾಗ ಹುಲಿಗೆವ್ವ ಅದನ್ನು ನೋಡಿ, ಅಜ್ಜಿಯ ಕೈಯನ್ನು ಮಡಿಸಿ ಮುಚ್ಚಿದಳು.

"ಕದ್ದು ಬ್ಯಾಡ್ರೀ ಅಮ್ಮಾ. ಕರದು ಕೊಟ್ರ ತಗೋತೇನಿ."

ಅಜ್ಜಿ ಮನೆಗೆ ಬಂದು ಈ ಮಾತನ್ನು ಇದ್ದದ್ದಿದ್ದಂತೆ ಅಜ್ಜನಿಗೆ ಹೇಳಿದಳು. ಆತ ಕೋಟು ಕಳಚಿ ಗೂಟಕ್ಕೆ ಹಾಕಿ, ಮತ್ತೆ ತೊಟ್ಟು, ಮತ್ತೆ ಕಳಚಿದ. "ಬರೋ ಸಭಾದಾಗ ಖರೆ ಇಡ್ತೇನಿ" ಎಂದ. ಇಡುತ್ತಿದ್ದನೆಂದೇ ನಂಬುತ್ತೇನೆ, ಆತ ಸುಳ್ಳುಗಾರನಲ್ಲ, ನಿಧಾನದವನು. ಆದರೆ ಸಭೆಗೆ ಇನ್ನೂ ಒಂಬತ್ತು ದಿನ ಇರುವಾಗಲೇ ಹುಲಿಗೆವ್ವ ತೀರಿಕೊಂಡಳು. ಕೇಳುವವರಿಲ್ಲದ ಶವವನ್ನು ಅಜ್ಜಿಯೇ ತರಿಸಿದಳು. ಸಭೆಯ ಸ್ಮಶಾನವಿರುವುದು ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಎಂದು ಹಿರಿಯರು ಆವರಣದಲ್ಲಿ ನಿಂತು ನೆನಪಿಸಿದರು. ಅಜ್ಜ ತನಗೂ ಅಜ್ಜಿಗೂ ಅಲ್ಲಿ ಅಕ್ಕಪಕ್ಕ ಎರಡು ಜಾಗ ಮಾಡಿಸಿ ಗುರುತಿನ ಕಲ್ಲು ನೆಡಿಸಿದ್ದ.

"ನನ್ನ ಜಾಗಾದಾಗ ಇಡ್ರಿ" ಎಂದಳು ಅಜ್ಜಿ.

"ಮತ್ತ ನೀ?" ಎಂದ ಅಜ್ಜ.

"ನನ್ನ ಹೆಸರು ನಿಮ್ಮ ಪುಸ್ತಕದಾಗ ಐತಿ. ನನಗೆಲ್ಲೆರ ಸಿಗತೈತಿ."

ಮೊದಲ ಹಿಡಿ ಮಣ್ಣು ಹಾಕಿದವನು ಅಜ್ಜ. ಆ ಸಂಜೆ ಪುಸ್ತಕ ತೆರೆದು ಆಕೆಯ ಹೆಸರು ಬರೆದು, ಗಂಡನ ಹೆಸರಿನ ಕಾಲಮ್ಮಿನಲ್ಲಿ ಅಡ್ಡಕ್ಕೆ ಒಂದು ಗೆರೆ ಎಳೆದ. ಗೆರೆಗೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಶಾಯಿ ಆರಿದ ಮೇಲೂ ಆತ ಅದನ್ನೇ ನೋಡುತ್ತ ಕೂತಿದ್ದ. ಮುಂದೆ ಆತ ಗಂಟೆ ಬಾರಿಸುವುದನ್ನು ಬಿಟ್ಟ. ಯಾರೂ ಠರಾವು ಮಾಡದೆ ಆ ಪದ್ಧತಿ ನಿಂತುಹೋಯಿತು.

ಈಗ ಅಜ್ಜ ಹುಲಿಗೆವ್ವನ ಪಕ್ಕದಲ್ಲಿ ಮಲಗಿದ್ದಾನೆ. ಆತನ ಮೇಲೆ ಹೊಳಪಿನ ಕೆಂಪು ಗ್ರಾನೈಟು. ಆಕೆಯ ಮೇಲೆ ಕಲ್ಲೂ ಇಲ್ಲ, ಬರಹವೂ ಇಲ್ಲ. ಅಜ್ಜಿ ದೂರದಲ್ಲಿ, ಕಾಂಪೌಂಡು ಗೋಡೆಗೆ ಅಂಟಿಕೊಂಡಿದ್ದಾಳೆ. ಹೋದ ಪುನರುತ್ಥಾನದ ಭಾನುವಾರ, ಈಸ್ಟರಿನ ನಸುಕಿನಲ್ಲಿ ಸಮಾಧಿಗಳಿಗೆ ಹೂವಿಡಲು ಬಂದ ಒಬ್ಬ ಹುಡುಗಿ ಆ ಜೋಡಿಯ ಮುಂದೆ ನಿಂತು, "ಇವರು ಕಾರ್ಯದರ್ಶಿಯವರ ಮನಿಯವರಲ್ರಿ?" ಎಂದಳು.

"ಅಲ್ಲ. ಆಕಿ ಹುಲಿಗೆವ್ವ" ಎಂದೆ.

"ಯಾರ ಪೈಕಿಯವರು?"

ನಮ್ಮಾಕಿ ಎನ್ನಲು ಬಾಯಿ ತೆರೆದೆ. ಆಕೆ ಉಸಿರಾಡುವಾಗ ನಮ್ಮಲ್ಲಿ ಯಾರೂ ಆಡದ ಆ ಮಾತು ನನ್ನಿಂದಲೂ ಹೊರಡಲಿಲ್ಲ. ಹುಡುಗಿ ಚೆಂಡುಹೂವಿನ ಒಂದು ಹಿಡಿಯನ್ನು ಆ ಬೋಳು ಮಣ್ಣಿನ ಮೇಲಿಟ್ಟು, ಮುಂದಿನ ಸಾಲಿಗೆ ನಡೆದಳು.