ತಣ್ಣನೆಯ ಕೋಣೆಯ ನಾಲ್ಕು ಗುದ್ದು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಬ್ಯಾಡಗಿಯಿಂದ ಮೋಟೆಬೆನ್ನೂರಿನ ಕಡೆ ಹೋಗುವ ರಸ್ತೆ ಬದಿಯ ಕೋಲ್ಡ್ ಸ್ಟೋರೇಜ್. ನಾಲ್ವರು ಆಳುಗಳು ಎರಡೆರಡು ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಒಳಗೆ ಹೋಗಿದ್ದಾರೆ. ಗೇಣು ದಪ್ಪದ ಬಾಗಿಲು ಮುಚ್ಚಿದೆ. ಹೊರಗೆ ನಾಗಲಕ್ಷ್ಮಿ ಗೋಡೆಯ ಮೇಲಿನ ಪೆಟ್ಟಿಗೆಯ ಗುಂಡಿ ಒತ್ತಿ, ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಾರೆ. ಒಳಗಿನಿಂದ ಧಬ್ ಎಂದು ಒಂದು ಗುದ್ದು. ಹಿಂದೆಯೇ ಎರಡನೆಯದು, ಮೂರನೆಯದು. ಆಮೇಲೆ ಸದ್ದಿಲ್ಲ. ನಾನು ಮಾತಾಡಲು ಬಾಯಿ ತೆರೆದರೆ ಅವರು ಕೈ ಎತ್ತಿ ತಡೆಯುತ್ತಾರೆ. ಕೊನೆಗೆ ನಾಲ್ಕನೆಯ ಗುದ್ದು ಬೀಳುತ್ತದೆ.

'ಅಕಿ ಮೈಲವ್ವ ದೊಡ್ಡವ್ವರೀ. ದಿನಾ ತಡಾನ ಬಡೀತಾಳ, ನನ್ನ ಜೀವ ತಿನ್ನಾಕ' ಎಂದು ನಾಗಲಕ್ಷ್ಮಿ ನಗುತ್ತಾರೆ. ಇನ್ನು ಕೆಲಸ ಶುರು ಮಾಡಬಹುದು.

ಆ ಗುದ್ದುಗಳ ಅರ್ಥ ಇಷ್ಟೇ: 'ನನ್ನ ಪೇಜರ್ ಗುರ್ ಅಂತು.' ಹೌದು, ಪೇಜರ್. ಮೊಬೈಲ್ ಬರುವ ಮುಂಚೆ ದೊಡ್ಡ ಮನುಷ್ಯರ ಸೊಂಟದಲ್ಲಿ ತೂಗುತ್ತಿತ್ತಲ್ಲ, ಅದೇ. ಅದು ಸತ್ತು ಮಣ್ಣಾಗಿ ಕಾಲವಾಯಿತು ಎಂದೇ ನಾನು ತಿಳಿದಿದ್ದೆ. ಆ ಮಾತು ಹೇಳಿ ಬೈಸಿಕೊಂಡೆ ಕೂಡ. 'ನಿಮ್ಮ ಫೋನ್ ತಗೊಂಡು ಒಳಗ ಹೋಗಿ ಬರ್ರಿ' ಎಂದರು. ಹೋದೆ. ಎರಡು ಹೆಜ್ಜೆಗೆ ಸಿಗ್ನಲ್ ಮಾಯ. ಒಳಗಿನ ಫ್ಯಾನುಗಳ ಆರ್ಭಟದಲ್ಲಿ ಹೊರಗೆ ಸೈರನ್ ಹೊಡೆದರೂ ಕೇಳುವುದಿಲ್ಲ. ನಾಲ್ಕು ಡಿಗ್ರಿ ಚಳಿ, ಮಾಳಿಗೆಯವರೆಗೆ ಮೆಣಸಿನಕಾಯಿ ಚೀಲ, ಸಂದಿಗೊಂದಿಗಳಲ್ಲಿ ಮನುಷ್ಯರು.

ಆ ಚಳಿಯನ್ನು ಹುಟ್ಟಿಸುವುದು ಅಮೋನಿಯಾ ಗ್ಯಾಸ್. ಅದು ಎಲ್ಲಾದರೂ ಸೋರಿದರೆ ಗೋಡೆಯ ಪೆಟ್ಟಿಗೆಗೆ ಕೂಡಲೇ ಗೊತ್ತಾಗುತ್ತದೆ. ಆದರೆ ಗೊತ್ತಾದದ್ದನ್ನು ಅದು ಹೇಳುವ ಬಗೆ ವಿಚಿತ್ರ. 'ಆ ಪೆಟಗಿಗೆ ಇ-ಮೇಲ್ ಕಳಸೋದೊಂದ ಬರತೈತ್ರಿ. ಗ್ಯಾಸ್ ಮೂಗಿಗೆ ಹತ್ತಿದವರು ಕುಂತು ಇ-ಮೇಲ್ ಓದ್ತಾರೇನ್ರಿ?' ಎಂದು ಕೇಳುತ್ತಾರೆ ನಾಗಲಕ್ಷ್ಮಿ.

ಹಾಗಾಗಿ ಆಫೀಸಿನ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಅವರು ವಿಂಡೋಸ್ ಬದಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದರು. ಪೆಟ್ಟಿಗೆಯಿಂದ ಒಂದು ತಂತಿ ಎಳೆದು ಅದಕ್ಕೆ ಜೋಡಿಸಿದರು. ಪೆಟ್ಟಿಗೆಯ ಮೇಲ್ ಬಂದೊಡನೆ ಕಂಪ್ಯೂಟರ್ ಅದನ್ನು ಬಿಚ್ಚಿ, ಅಂಕಿಯನ್ನಷ್ಟೇ ತೆಗೆದು, ಪಕ್ಕದ ಸಣ್ಣ ರೇಡಿಯೋ ಯಂತ್ರಕ್ಕೆ ದಾಟಿಸುತ್ತದೆ. ಅದರ ಆಂಟೆನಾ ಪೈಪಿನ ತೂತಿನಿಂದ ಕೋಣೆಯೊಳಕ್ಕೆ ಹೋಗಿದೆ. ಊರಿನ ನೆಟ್ ಸತ್ತರೂ ಇದು ಸಾಯುವುದಿಲ್ಲ. ಗುಂಡಿ ಒತ್ತಿದ ಏಳೆಂಟು ಸೆಕೆಂಡಿಗೆ ನಾಲ್ಕೂ ಪೇಜರ್ ನಡುಗುತ್ತವೆ. ಒಂದು ಎಂಬ ಅಂಕಿ ಬಂದರೆ ಬೆಳಗಿನ ಪರೀಕ್ಷೆ. ಒಂಬತ್ತು ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಓಡಬೇಕು. ಅಕ್ಷರ ಬಾರದ ಮೈಲವ್ವನಿಗೂ ಅಂಕಿ ಬರುತ್ತವೆ. ಕಾಗಿನೆಲೆ ಬಸ್ಸಿನ ನಂಬರು ನೋಡಿ ನೋಡಿ ಕಲಿತದ್ದಂತೆ.

ನಲವತ್ಮೂರರ ನಾಗಲಕ್ಷ್ಮಿ ಮೋಟೆಬೆನ್ನೂರಿನವರು. ರಾಣೆಬೆನ್ನೂರಿನಲ್ಲಿ ಐಟಿಐ ಎಲೆಕ್ಟ್ರಾನಿಕ್ಸ್ ಓದಿ, ಅಲ್ಲೇ ಒಂದು ಸೈಬರ್ ಸೆಂಟರ್ ಸೇರಿದರು. ಅಲ್ಲಿನ ಕಂಪ್ಯೂಟರುಗಳಿಗೆ ವಾರಕ್ಕೊಮ್ಮೆ ವೈರಸ್ ಬಡಿಯುತ್ತಿತ್ತು. ಆ ಕಾಟ ತಾಳಲಾರದೆ ಲಿನಕ್ಸ್ ಕಲಿತರು. ಸೆಂಟರ್ ಮುಚ್ಚಿತು. ಝೆರಾಕ್ಸ್ ಅಂಗಡಿ ಆಯಿತು, ಹಾವೇರಿ ಕೋರ್ಟಿನ ಮುಂದೆ ಟೈಪಿಂಗ್ ಆಯಿತು, ಎರಡು ವರ್ಷ ಖಾಲಿ ಕೂತದ್ದೂ ಆಯಿತು. ಇಲ್ಲಿಗೆ ಬಂದದ್ದು ಚೀಟಿ ಟೈಪ್ ಮಾಡಲಿಕ್ಕೆ. ಹುಬ್ಬಳ್ಳಿಯಲ್ಲಿ ಬಾಗಿಲು ಹಾಕಿದ ಒಂದು ನರ್ಸಿಂಗ್ ಹೋಮಿನ ಹಳೇ ಪೇಜರುಗಳು, ಯಂತ್ರ ಎಲ್ಲ ಒಟ್ಟಿಗೆ ಸಿಗುತ್ತವೆ ಎಂದು ತಿಳಿದಾಗ ಮಾಲೀಕರ ಬೆನ್ನು ಬಿದ್ದು ತರಿಸಿದರು. ಜೋಡಿಸಲು ಇಪ್ಪತ್ತೆರಡು ದಿನ ಹಿಡಿಯಿತು. 'ಹೆಣ್ಣಮಗಳು ವೈರ್ ಹಿಡಕೊಂಡು ಮಾಳಗಿ ಹತ್ತತಾಳ ಅಂತ ನಗತಿದ್ರು. ನಕ್ಕೋತ ಏಣಿ ಹಿಡದವರೂ ಅವರ ಅನ್ರಿ' ಎನ್ನುತ್ತಾರೆ.

ಎಲ್ಲ ಸರಿಯಾಯಿತು ಅನ್ನುವಾಗ ಎಡವಟ್ಟಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ.

ಹೋದ ವರ್ಷದ ಮಾರ್ಚ್, ಒಂದು ಗುರುವಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ದಿನವೆಂದರೆ ಊರಿಗೆ ಊರೇ ರೇಟಿನ ಧ್ಯಾನದಲ್ಲಿರುತ್ತದೆ. ಗುಮಾಸ್ತ ಸುನೀಲಕುಮಾರನಿಗೆ ಒಂದು ಒಳ್ಳೆಯ ಬುದ್ಧಿ ಹೊಳೆಯಿತು. ಒಳಗಿದ್ದವರಿಗೂ ಡಬ್ಬಿ ಎಂಬ ತಳಿಯ ಕಾಯಿಯ ರೇಟು ಗೊತ್ತಾಗಲಿ ಎಂದು ಪೇಜರಿನ ಇ-ಮೇಲ್ ವಿಳಾಸವನ್ನು ದಲಾಲಿ ಅಂಗಡಿಗಳಿಗೆಲ್ಲ ಹಂಚಿಬಿಟ್ಟ. ಆ ಕಂಪ್ಯೂಟರಿಗೆ ಊರಿನ ನೆಟ್ ಕೂಡ ಇತ್ತು; ಹೊರಗಿನ ಯಾರ ಮೇಲ್ ಬಂದರೂ ಕಣ್ಣು ಮುಚ್ಚಿ ಒಳಗೆ ಕಳಿಸುತ್ತಿತ್ತು. ಅದು ನಾಗಲಕ್ಷ್ಮಿಯವರದೇ ತಪ್ಪು. ಮಧ್ಯಾಹ್ನದೊಳಗೆ ಪೇಜರುಗಳು ನೂರಕ್ಕೂ ಹೆಚ್ಚು ಸಲ ನಡುಗಿದವು.

'ಸೊಂಟದಾಗ ಜೀರುಂಡಿ ಬಿಟ್ಟಂಗ ಆಗಿತ್ತು. ಸಾಕಾಗಿ ಬುತ್ತಿ ಡಬ್ಬ್ಯಾಗ ಹಾಕಿ ಮುಚ್ಚಿಬಿಟ್ಟೆ' ಎನ್ನುತ್ತಾಳೆ ಅರವತ್ತರ ಹತ್ತಿರದ ಮೈಲವ್ವ. ಅದು ಸ್ಟೀಲ್ ಡಬ್ಬಿ. ಮುಚ್ಚಳ ಬಿದ್ದ ಮೇಲೆ ರೇಡಿಯೋ ಸಿಗ್ನಲ್ ಒಳಗೆ ಇಳಿಯುವ ಮಾತೇ ಇಲ್ಲ.

ಮಧ್ಯಾಹ್ನ ಎರಡಕ್ಕೆ ಒಂದು ವಾಲ್ವ್ ಸೋರಿತು. ಒಂಬತ್ತು ಬಂತು. ಮೂವರು ಓಡಿ ಹೊರಗೆ ಬಂದರು. ಮೈಲವ್ವ ಬರಲಿಲ್ಲ. ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು; ಆದರೆ ಮೂವತ್ತು ವರ್ಷ ಮೆಣಸಿನಕಾಯಿ ನಡುವೆ ದುಡಿದವಳಿಗೆ ಉರಿ, ಕೆಮ್ಮು ಹೊಸತೇ? 'ಕಾಯಿ ಘಾಟ ಇರಬೇಕು ಅನಕೊಂಡು ಸೆರಗ ಮೂಗಿಗೆ ಒತ್ಕೊಂಡು ಚೀಲಾ ಎಣಸಾಕತ್ತಿದ್ದೆ' ಎನ್ನುತ್ತಾಳೆ. ಬ್ಯಾಡಗಿಯ ಮೂಗು ಮಾತ್ರ ಮಾಡಬಹುದಾದ ತಪ್ಪು ಇದು. ನನ್ನಂಥ ಹೊರಗಿನವನಾಗಿದ್ದರೆ ಮೊದಲ ಸೀನಿಗೇ ಓಡುತ್ತಿದ್ದೆ.

ಮೂವರನ್ನಷ್ಟೇ ಕಂಡ ನಾಗಲಕ್ಷ್ಮಿ ಮೈಲವ್ವನ ಹೆಸರು ಹಿಡಿದು ಕೂಗಿದರು. ಪೇಜರಿಗೆ ಹೇಳಲು ಬರುತ್ತದೆ, ಕೇಳಿಸಿತೋ ಇಲ್ಲವೋ ತಿಳಿಯಲು ಬರುವುದಿಲ್ಲ. ಕಂಪ್ರೆಸರ್ ನೋಡಿಕೊಳ್ಳುವ ಹನುಮಪ್ಪ ಮುಖಕ್ಕೆ ಗ್ಯಾಸಿನ ಮುಖವಾಡ ಹಾಕಿಕೊಂಡು ನುಗ್ಗಿದರು. ಆರು ನಿಮಿಷದ ಮೇಲೆ ಮೈಲವ್ವನನ್ನು ಹೆಗಲಿಗೆ ಆನಿಸಿಕೊಂಡು ಹೊರಗೆ ಬಂದರು. ಅವಳು ಆಸ್ಪತ್ರೆಯಲ್ಲಿ ಎರಡು ದಿನ ಆಕ್ಸಿಜನ್ ಹಚ್ಚಿಕೊಂಡು ಮಲಗಿದ್ದಳು. ನಾಗಲಕ್ಷ್ಮಿ ಪಕ್ಕದಲ್ಲೇ ಕೂತಿದ್ದರು. 'ಮೂರನೇ ದಿನ ಎದ್ದು ಕುಂತು ಚಾ ಕೇಳಿದಳ್ರಿ. ಆವಾಗ ಅತ್ತೆ. ಅಲ್ಲಿತನಾ ಅಳೂ ಬಂದಿದ್ದಿಲ್ಲ' ಎನ್ನುವಾಗ ಅವರು ನನ್ನ ಕಡೆ ನೋಡುವುದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಇಲ್ಲಿ ಪೂರ್ತಿ ಕೆಡುವ ಮೊದಲೇ ಬಂತು ಎಂದು ಸಮಾಧಾನಪಟ್ಟುಕೊಳ್ಳಬೇಕು. ನಾಗಲಕ್ಷ್ಮಿ ಅದೇ ವಾರ ಮೂರು ಬದಲಾವಣೆ ಮಾಡಿದರು. ಗೋಡೆಯ ಪೆಟ್ಟಿಗೆಯ ಮೇಲ್ ಬಿಟ್ಟು ಬೇರೆ ಯಾರ ಇ-ಮೇಲ್ ಕೂಡ ಈಗ ಪೇಜರ್ ಮುಟ್ಟುವುದಿಲ್ಲ, ಮಾಲೀಕರದೂ ಸಹ. ಪೇಜರ್ ದಾರದಲ್ಲಿ ಕೊರಳಿಗೆ ಬಿದ್ದು, ಸ್ವೆಟರಿನೊಳಗೆ ಮೈಗೆ ಅಂಟಿರಬೇಕು; ಚಳಿಗೆ ಸೆಲ್ ಸಾಯುವುದೂ ತಪ್ಪುತ್ತದೆ. ಮೂರನೆಯದು ಈ ಗುದ್ದು. ನಾಲ್ಕು ಕೇಳುವವರೆಗೆ ಒಂದು ಚೀಲವೂ ಅಲುಗುವುದಿಲ್ಲ. ಸುನೀಲಕುಮಾರ ಈಗ ರೇಟನ್ನು ಹೊರಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ, ಅದೂ ದುಂಡಗೆ.

ಈ ಫೆಬ್ರುವರಿಯಲ್ಲಿ ಮತ್ತೊಮ್ಮೆ ಒಂಬತ್ತು ಬಂತು. ಈ ಸಲ ಒಂದು ಪೈಪಿನ ಬೆಸುಗೆ ಬಿಟ್ಟಿತ್ತು. ಎರಡು ನಿಮಿಷ ತುಂಬುವ ಮೊದಲೇ ನಾಲ್ವರೂ ಅಂಗಳದ ಬೇವಿನ ಮರದ ಆಚೆ ಇದ್ದರು. ಎಲ್ಲರಿಗಿಂತ ಮೊದಲು ಹೊರಬಿದ್ದವಳು ಮೈಲವ್ವ. 'ಸ್ವೆಟರ್ ಬಿಚ್ಚಿ ಬಿಸಲಿಗೆ ಕುಂತಿದ್ವಿ. ನಾಗಿ ಓಡಿ ಬಂದು ನಮ್ಮ ತಲಿ ಮುಟ್ಟಿ ಮುಟ್ಟಿ ಎಣಿಸಿದ್ಲು, ಕುರಿ ಎಣಿಸಿದಂಗ. ನಾಲ್ಕ ಮಂದಿನ್ನ ಎಷ್ಟ ಸಲ ಎಣಸ್ತೀಯವಾ ಅಂದೆ' ಎಂದು ಮೈಲವ್ವ ಕಿಸಕ್ಕನೆ ನಗುತ್ತಾಳೆ.

ನಾಗಲಕ್ಷ್ಮಿಯವರ ಹೆಸರು ಆ ಕಟ್ಟಡದ ಯಾವ ಫಲಕದಲ್ಲೂ ಇಲ್ಲ. ಹಾಜರಿ ಪುಸ್ತಕದಲ್ಲಿ ಅವರು ಇಂದಿಗೂ 'ಟೈಪಿಸ್ಟ್'. ಬೇಸರವಿಲ್ಲವೇ ಎಂದರೆ, 'ಟೈಪೂ ಮಾಡ್ತೇನೆಲ್ಲರೀ, ಸುಳ್ಳೇನಲ್ಲ' ಎನ್ನುತ್ತಾರೆ. ಆಸೆ ಏನಾದರೂ ಉಂಟೇ ಎಂದು ಕೇಳುತ್ತೇನೆ. 'ಪೇಜರ್ ಮುಂಜಾನೆ ಒಂದ ಸಲ ಮಾತಾಡಬೇಕು. ಆಮ್ಯಾಲ ದಿನಾಪೂರ್ತಿ ಮೂಕ ಇರಬೇಕು. ಮತ್ತೇನ ಬೇಕ್ರಿ?'

ಸಂಜೆ ನಾಲ್ಕಕ್ಕೆ ದಪ್ಪ ಬಾಗಿಲು ತೆರೆಯುತ್ತದೆ. ಒಬ್ಬೊಬ್ಬರೂ ಕೊರಳಿನ ದಾರ ತೆಗೆದು ಪೇಜರನ್ನು ನಾಗಲಕ್ಷ್ಮಿಯ ಅಂಗೈಗೆ ಇಡುತ್ತಾರೆ. ಅವರು ಪ್ರತಿಯೊಂದನ್ನೂ ಒಂದು ಗಳಿಗೆ ಮುಷ್ಟಿಯಲ್ಲಿ ಹಿಡಿದು ಮೊಳೆಗೆ ತೂಗುಹಾಕುತ್ತಾರೆ. ಯಾಕೆ ಹಾಗೆ ಎಂದು ಕೇಳಿದೆ.

'ತಣ್ಣಗ ಬಂದ್ರ ಚೀಲದ ಮ್ಯಾಲ ಬಿಟ್ಟಿದ್ರು ಅಂತ ತಿಳೀತೈತ್ರಿ.'

ಕೊನೆಗೆ ಮೈಲವ್ವ ಬರುತ್ತಾಳೆ. ಸ್ವೆಟರಿನೊಳಗಿಂದ ಪೇಜರ್ ಎಳೆದು, 'ಇಕೊ ನಿನ್ನ ಕೂಸು' ಎಂದು ಕೊಡುತ್ತಾಳೆ. ನಾಗಲಕ್ಷ್ಮಿ ಅದನ್ನು ಹಿಡಿದು ನೋಡಿ, ಮೊಳೆಗೆ ಹಾಕದೆ ನನ್ನ ಕೈಗೆ ಕೊಡುತ್ತಾರೆ.

'ನೀವ ಹೇಳ್ರಿ.'

ಇಡೀ ದಿನ ನಾಲ್ಕು ಡಿಗ್ರಿಯಲ್ಲಿ ಇದ್ದು ಬಂದ ಪೇಜರ್ ಬೆಚ್ಚಗಿತ್ತು.