ಮನೆಯವರ ಗುರುತು ಹಿಡಿಯದ ಕಂಪ್ಯೂಟರ್

ಮಂಗಳವಾರ ಬೆಳಿಗ್ಗೆ ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದೆ. ಶೇಂಗಾ ಹುರಿಯುವಾಗ ಒಲೆ ಬಿಟ್ಟು ಏಳಬಾರದು, ಎದ್ದರೆ ಕರಕಲು. ಅದೇ ಹೊತ್ತಿಗೆ ಫೋನು ಬಡಕೊಂಡಿತು. ಮನೆಯವರು ತಮ್ಮ ಚಾದರದ ಅಂಗಡಿಗೆ ಹೋಗಿದ್ದರು. ಅತ್ತೆ ಜಪಕ್ಕೆ ಕೂತಿದ್ದರು, ಫೋನಿನ ಕಡೆ ಕಣ್ಣಿನಿಂದ ಸನ್ನೆ ಮಾಡಿದರು. ಎದ್ದೆ.

ಅಕ್ಕಲಕೋಟದಿಂದ ನಾದಿನಿ. “ವೈನೀ, ಮಸ್ಕತ್ತಿನ ಪತ್ರಕ್ಕ ಅಣ್ಣ ಯಾಕ ಉತ್ತರ ಕೊಟ್ಟಿಲ್ಲ? ಹುಡುಗನ ಅವ್ವ ಗುಡಿಯಾಗ ಭೆಟ್ಟಿಯಾಗಿದ್ರು. ನಮ್ಮ ದೊಡ್ಡಾಂವ ಬರದು ಎಂಟು ದಿನಾ ಆತು, ನಿಮ್ಮ ಕಡಿಂದ ಸುದ್ದೀನ ಇಲ್ಲ ಅಂದ್ರು. ಶುಕ್ರವಾರ ತನಕಾ ದಾರಿ ನೋಡ್ತಾರಂತ. ಆಮ್ಯಾಲೆ ಮಂದ್ರೂಪದ ಹುಡುಗಿಗೆ ಹೂಂ ಅಂತಾರಂತ!”

ಕೈಯಲ್ಲಿ ಫೋನು, ಮೂಗಿಗೆ ಶೇಂಗಾದ ಹೊಗೆ.

ನಾದಿನಿಯ ಮಗಳಿಗೆ ಇಪ್ಪತ್ತಾರು ತುಂಬಿತ್ತು. ಬಂದ ಸಂಬಂಧಗಳೆಲ್ಲ ಏನಾದರೊಂದು ನೆವ ಹೇಳಿ ಹೋಗಿದ್ದವು. ಆದರೆ ಹೋಟಗಿ ಸ್ಟೇಷನ್ನಿನ ಗುಮಾಸ್ತ ನೋಡಲು ಬಂದಾಗ, ಚಹಾ ಕೊಡುತ್ತ ಇವಳೇ ಕೇಳಿದ್ದಳು: “ನಿಮ್ಮ ಗಾಡಿ ಎಂದಾರ ಟೈಮಿಗೆ ಬಂದಾವೇನ್ರಿ?” ಅವನು ಚಹಾ ಚೆಲ್ಲುವಷ್ಟು ನಕ್ಕಿದ್ದ. ಹುಡುಗನಿಗೆ ತಂದೆ ಇಲ್ಲ. ಮಸ್ಕತ್ತಿನಲ್ಲಿರುವ ಅಣ್ಣನದೇ ಕೊನೆಯ ಮಾತು. ಆತ ಇ-ಮೇಲಿನಲ್ಲೇ ಬರೆಯುತ್ತಾನೆ ಎಂದಾಗ ನಮ್ಮ ಮನೆಯವರು ಎದೆ ಉಬ್ಬಿಸಿ, “ನಮ್ಮಲ್ಲೂ ಐತ್ರಿ” ಎಂದು ವಿಳಾಸ ಬರೆದುಕೊಟ್ಟಿದ್ದರು. ಚಾದರದ ಡಿಸೈನಿಗೆಂದು ತಂದ ಕಂಪ್ಯೂಟರು ಅದು. ಅಂಗಡಿಯ ಧೂಳಿಗೆ ಹೆದರಿ ನಮ್ಮ ಪಡಸಾಲೆಯಲ್ಲಿ ಇಟ್ಟಿದ್ದೆವು.

ಮನೆಯವರು ಓಡಿ ಬಂದರು. ಫೋನಿನ ಲೈನು ಚೀರಾಡಿ ಇಂಟರ್ನೆಟ್ಟಿಗೆ ಕೂಡಿಕೊಂಡಿತು. ಪರದೆಯ ಮೇಲೆ ಮಾತ್ರ ಹೆಸರು ಹೇಳು, ಗುಪ್ತ ಪದ ಹೇಳು ಎಂದು ಎರಡು ಖಾಲಿ ಪೆಟ್ಟಿಗೆ.

“ದೀಪಾವಳಿಗಿಂತ ಮೊದಲ ತಾನ ತೆರೀತಿತ್ತು. ಹಬ್ಬದ ಮ್ಯಾಲಿಂದ ಹಿಂಗ ಮಾಡಾಕತ್ತೈತಿ. ಲೈನಿನ ಗಡಬಡ ಇರಬೇಕಂತ ಬಿಟ್ಟಿದ್ದೆ” ಎಂದರು.

“ಪದ ಹಾಕ್ರಲ್ಲ ಮತ್ತ.”

“ಶ್ರಾವಣದಾಗ ಒಮ್ಮೆ ಹಾಕಿದ್ದೆ. ನೆನಪಿಡು ಅನ್ನೋ ಕಡೆ ಗುರ್ತು ಮಾಡಿದ್ದೆ. ನೆನಪಿಡೋ ಕೆಲಸ ಅದಕ್ಕ ಕೊಟ್ಟ ಮ್ಯಾಲೆ ನಾ ಯಾಕ ನೆನಪಿಡ್ಲಿ?”

ಆಮೇಲೆ ದೇವರುಗಳ ಹೆಸರು ಶುರುವಾದವು. ಅತ್ತೆ ಜಪ ಬಿಟ್ಟು ಬಂದು ಹಿಂದೆ ನಿಂತರು.

“ಸಿದ್ಧರಾಮನ್ನ ಹಾಕಿದ್ಯೋ?”

“ಹಾಕ್ದೆ.”

“ತುಳಜಾಪುರದ ಅವ್ವನ್ನ?”

“ಹಾಕ್ದೆನವ್ವಾ.”

“ಹಂಗಾರ ನಿನ್ನ ಹೇಂತಿ ಹೆಸರು ಹಾಕು.”

ಅದೂ ಆಯಿತು, ಅದೂ ಅಲ್ಲ. ಇಷ್ಟು ದೇವರಾದ ಮೇಲಾದರೂ ನನ್ನ ಹೆಸರು ಬಂತಲ್ಲ ಎಂದು ಅಷ್ಟಕ್ಕೇ ಕೈಮುಗಿದೆ.

ಹುಡುಗನ ಮನೆಗೆ ಹೋಗಿ “ಏನು ಬರೆದಿದ್ದೀರಿ” ಎಂದು ಕೇಳಬಹುದಿತ್ತು. ನಾದಿನಿ ಸುತರಾಂ ಒಪ್ಪಲಿಲ್ಲ. “ಪತ್ರಾ ಕಳಕೊಳ್ಳೋ ಮಂದಿ, ಹುಡುಗಿನ್ನ ಹೆಂಗ ಬೆಳಿಸ್ಯಾರೋ ಅಂತಾರ” ಎಂದಳು. ಬುಧವಾರ ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದು ಕೂತಳು.

ಅಂದು ಮಧ್ಯಾಹ್ನ ಕಂಪ್ಯೂಟರ್ ಕ್ಲಾಸು ನಡೆಸುವ ಸರ್ ಬಂದರು. ದಪ್ಪ ಕನ್ನಡಕ, ಮಾತಿಗೊಮ್ಮೆ “ಅರೇ ಬಾಪರೇ”. ಪರೀಕ್ಷೆಗೆಂದು ಬೇರೊಂದು ಕಡೆ ಹೊಸ ಹೆಸರು, ಹೊಸ ಪದ ಹಾಕಿ, ನೆನಪಿಡು ಎಂದು ಗುರುತು ಮಾಡಿ, ಮುಚ್ಚಿ ತೆರೆದರು. ಮತ್ತೆ ನೀವು ಯಾರು ಎಂದೇ ಕೇಳಿತು. ಈ ಬ್ರೌಸರ್ ಕೆಟ್ಟಿದೆ ಎಂದು ತಮ್ಮ ಡಬ್ಬಿಯಲ್ಲಿದ್ದ ಸಿ.ಡಿ. ತಟ್ಟೆಯಿಂದ ಇನ್ನೊಂದನ್ನು ಹಾಕಿದರು. ಅದೂ ಮರೆಯಿತು.

“ದಿನಾ ಊದಿನಕಡ್ಡಿ ಬೆಳಗತೀನಿ ಇದಕ್ಕ” ಎಂದರು ಅತ್ತೆ. “ಓಣ್ಯಾಗಿನ ನಾಯಿ ಒಂದು ರೊಟ್ಟಿಗೆ ಗುರ್ತು ಹಿಡೀತೈತಿ.”

ಸರ್ ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟರು. “ಪೇಪರಿನಾಗ ಓದೀರಲ್ರಿ? ಎರಡು ಸಾವಿರ ಇಸ್ವಿ ಬಂದ ಕೂಡಲೆ ಜಗತ್ತಿನ ಕಂಪ್ಯೂಟರೆಲ್ಲ ತಲಿ ಕೆಟ್ಟು ಹೋಗ್ತಾವ ಅಂತ. ನಿಮ್ಮ ಮನಿಗೆ ಒಂದೂವರಿ ತಿಂಗಳ ಮೊದಲ ಬಂದೈತ್ರಿ ಅದು.” ಇಡೀ ಜಗತ್ತಿಗಿಂತ ಮೊದಲು ನಮ್ಮ ಮನೆಗೇ! ಮನೆಯವರ ಮುಖದಲ್ಲಿ ಚಿಂತೆಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಕಂಡಿತು.

ಆ ಸಂಜೆ ಹುಡುಗಿ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಮೆಂತ್ಯ ಬಿಡಿಸುತ್ತಿದ್ದಳು. ಒಮ್ಮೆಲೇ, “ಮಾಮಿ, ಬ್ಯಾಡ ಅಂತ ಬರದಿದ್ರ ಬರದಿರಲಿ. ಆದ್ರ ನಮ್ಮ ಉತ್ತರ ಇಲ್ಲದ್ದಕ್ಕ ಅವರು ಬ್ಯಾರೆ ಕಡೆ ಹೋಗಬಾರದು ನೋಡ್ರಿ” ಎಂದಳು. ಕಡ್ಡಿ ಬುಟ್ಟಿಗೆ, ಎಲೆ ಕಸಕ್ಕೆ ಹಾಕುತ್ತಿದ್ದಳು. ನಾನೇ ಬುಟ್ಟಿಯನ್ನೂ ಕಸದ ಮೊರವನ್ನೂ ಅದಲುಬದಲು ಮಾಡಿಟ್ಟೆ.

ಮರುದಿನ ಗುರುವಾರ. ಅಕ್ಕಲಕೋಟದ ಸ್ವಾಮಿಗಳ ವಾರವೆಂದು ನನಗೆ ಉಪವಾಸ. ಅವರ ಚರಿತ್ರೆಯ ಪೋಥಿ ಓದಿ ಎದ್ದಾಗ ಪಡಸಾಲೆಯಲ್ಲಿ ಅಣ್ಣತಂಗಿಯರ ವಾದ ನಡೆದಿತ್ತು. “ನಾಳೆ ಶುಕ್ರವಾರ, ಏನಾರ ಮಾಡು” ಎಂದು ನಾದಿನಿ ಅಳುವ ಹಾಗಾಗಿದ್ದಳು. ಇನ್ನೂ ಒಂದು ದಿನ ಇದೆಯೆಂದು ತೋರಿಸಿ ಸಮಾಧಾನ ಮಾಡಲು ಮನೆಯವರು ಪರದೆಯ ಮೂಲೆಯ ಗಡಿಯಾರ ಒತ್ತಿ ಕ್ಯಾಲೆಂಡರ್ ತೆರೆದರು. ನೋಡಿದವರು ಕುರ್ಚಿಯಿಂದ ಅರ್ಧ ಎದ್ದರು.

“ನಾಳೆ ಎಲ್ಲೀ ಶುಕ್ರವಾರ? ಶುಕ್ರವಾರ ನಿನ್ನೇನ ಮುಗದು ಹೋತಲ್ಲ! ಇವತ್ತು ಶನಿವಾರ!”

ನಾದಿನಿ ಧೊಪ್ಪನೆ ಕೂತಳು.

“ಶನಿವಾರ ಹೆಂಗ ಆಕ್ಕೈತ್ರಿ?” ಎಂದೆ. “ನಾ ಇವತ್ತು ಗುರುವಾರದ ಉಪವಾಸ ಹಿಡದೀನಿ.”

“ಕಂಪ್ಯೂಟರ್ ಸುಳ್ಳು ಹೇಳ್ತೈತೇನು?”

“ನನ್ನ ಹೊಟ್ಟಿ ಸುಳ್ಳು ಹೇಳ್ತೈತೇನ್ರಿ?”

ಹುಡುಗಿ ಬಗ್ಗಿ ನೋಡಿದಳು. “ಮಾಮಾ, ತಾರೀಖು ಬರೋಬ್ಬರಿ ಐತಿ, ತಿಂಗಳೂ ಬರೋಬ್ಬರಿ ಐತಿ. ಇಸ್ವಿ ಮಾತ್ರ ಎರಡು ಸಾವಿರದ ಐವತ್ತಾರು ಐತ್ರಿ.”

ಆ ಐವತ್ತಾರು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ದೀಪಾವಳಿ ಪಾಡ್ಯದಂದು ವ್ಯಾಪಾರಸ್ಥರ ಮನೆಗಳಲ್ಲಿ ಅಂಗಡಿಯ ಲೆಕ್ಕದ ಹೊಸ ವಹಿಗೆ ಪೂಜೆ. ಮೊದಲ ಪುಟದಲ್ಲಿ ಕುಂಕುಮದಿಂದ ಶ್ರೀಕಾರ ಬರೆದು ಹೊಸ ವರ್ಷ ಬರೆಯುತ್ತೇವೆ. ಈ ಸಲ ವಹಿಯ ಪಕ್ಕ ಕಂಪ್ಯೂಟರಿಗೂ ಹೂವೇರಿಸಿದ್ದೆವು. ಹೊಸ ವರ್ಷ ಹಾಕದೆ ಪೂಜೆ ಅರ್ಧವಾದೀತು ಎಂದು ಹಟ ಹಿಡಿದವಳು ನಾನು. ಮನೆಯವರು ಅದರ ಗಡಿಯಾರದ ಇಸ್ವಿಯ ಜಾಗದಲ್ಲಿ ಮೊದಲು ಶಾಲಿವಾಹನ ಶಕೆ ಹಾಕಿದರು, ಸಾವಿರದ ಒಂಬೈನೂರ ಇಪ್ಪತ್ತೊಂದು. ಯಂತ್ರ ಒಲ್ಲೆನೆಂದಿತು. ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ಚೌಕದೊಳಗೆ ‘ವಿಕ್ರಮ ಸಂವತ್ ೨೦೫೬ ಪ್ರಾರಂಭ’ ಎಂದಿದ್ದುದನ್ನು ನಾನೇ ಓದಿ ಹೇಳಿದೆ. ಅದನ್ನು ಮಾತಿಲ್ಲದೆ ತೆಗೆದುಕೊಂಡಿತು. ದೇವರು ಒಪ್ಪಿದ ಎಂದು ಆರತಿ ಎತ್ತಿದೆ. ಪ್ರಸಾದ ತಿಂದ ಮೇಲೆ ಇಬ್ಬರಿಗೂ ಅದರ ನೆನಪೇ ಹಾರಿಹೋಗಿತ್ತು.

ಸರ್‌ಗೆ ಫೋನು ಮಾಡಿದೆವು. ಆ ಕಡೆಯಿಂದ ಬಹಳ ಹೊತ್ತು ಬರೀ “ಅರೇ ಬಾಪರೇ” ಕೇಳಿಸಿತು. ಆಮೇಲೆ ಬಿಡಿಸಿ ಹೇಳಿದರು. ನಮ್ಮನ್ನು ಗುರುತು ಹಿಡಿಯಲೆಂದು ಇ-ಮೇಲ್ ನಡೆಸುವ ಕಂಪನಿಯವರು ಒಂದು ಸಣ್ಣ ಚೀಟಿ ಕೊಟ್ಟಿರುತ್ತಾರೆ, ಅದಕ್ಕೆ ಕುಕಿ ಅನ್ನುತ್ತಾರೆ. ಬ್ರೌಸರ್ ಅದನ್ನು ಜೋಪಾನ ಮಾಡಿ ಪ್ರತಿ ಸಲ ತೋರಿಸಬೇಕು. ಬಸ್ಸಿನ ಪಾಸಿನ ಹಾಗೆ ಅದಕ್ಕೂ ಮುದತ್ತು ಉಂಟು. “ಇಸ್ವಿ ಐವತ್ತಾರು ಅಂತ ತಿಳಕೊಂಡೈತಲ್ರಿ, ಎಲ್ಲಾ ಪಾಸಿನ ಮುದತ್ತು ಎಂದೋ ಮುಗದೈತಂತ ತೋರಿಸೂದನ್ನ ಬಿಟ್ಟೈತಿ. ಇಸ್ವಿ ಸರಿ ಮಾಡಿ ನೋಡ್ರಿ. ಹಳೇ ಚೀಟಿ ಅಲ್ಲೇ ಇದ್ರ ನಿಮ್ಮ ನಸೀಬು.”

ಜಗತ್ತು ಎರಡು ಸಾವಿರಕ್ಕೆ ಹೆದರುತ್ತಿದ್ದಾಗ ನಮ್ಮದು ಅದನ್ನು ದಾಟಿ ಐವತ್ತಾರು ವರ್ಷ ಮುಂದೆ ಹೋಗಿ ಕೂತಿತ್ತು.

ಮನೆಯವರು ಇಸ್ವಿ ತಿದ್ದಿದರು. ಲೈನು ಚೀರಿತು. ನಾನು ಕಣ್ಣು ಮುಚ್ಚಿದೆ. “ತೆರೀತು!” ಎಂದು ಕೂಗಿದವಳು ಹುಡುಗಿ.

ಮಸ್ಕತ್ತಿನ ಪತ್ರ ನಾಲ್ಕೇ ಸಾಲಿತ್ತು. ಹುಡುಗಿ ನಮಗೆಲ್ಲ ಒಪ್ಪಿಗೆ. ಮಾರ್ಗಶಿರದಲ್ಲಿ ನಿಶ್ಚಯ ಇಟ್ಟುಕೊಳ್ಳೋಣವೇ? ಶುಕ್ರವಾರದೊಳಗೆ ನಾನು ರಜೆ ಕೇಳಬೇಕು, ಬೇಗ ತಿಳಿಸಿರಿ. ನಾದಿನಿ ಅಳುತ್ತ ನಕ್ಕಳು. ಮನೆಯವರು ಎರಡೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. “ಮಾಮಾ, ಸರೀರಿ” ಎಂದು ಹುಡುಗಿ ತನ್ನ ನಿಶ್ಚಯದ ಒಪ್ಪಿಗೆಯನ್ನು ತಾನೇ ಬರೆದು ಕಳಿಸಿದಳು.

“ಈಗ ಹೋಗ್ತೈತಲ್ಲೋ?” ಅತ್ತೆ ಕೇಳಿದರು. “ಐವತ್ತಾರರಾಗ ಹೋಗಿ ಮುಟ್ಟಿದ್ರ ಹುಡುಗ ಮುದುಕ ಆಗಿರ್ತಾನ.”

ಸಂಜೆ ಮತ್ತೆ ತೆರೆದಾಗ ಯಾರು ಎಂದು ಕೇಳದೆ ಒಳಗೆ ಬಿಟ್ಟುಕೊಂಡಿತು. ರಜೆ ಕೇಳಿದ್ದೇನೆ, ಬರುತ್ತೇನೆ ಎಂದು ಉತ್ತರ ಬಂದಿತ್ತು. ಆಗ ಮನೆಯವರು ನನ್ನ ಕಡೆ ತಿರುಗಿದರು. “ಪಾಡ್ಯದ ದಿನಾ ವರ್ಷ ಹಾಕ್ರಿ ಅಂದಾಕಿ ಯಾರು?”

“ನಾನರಿ” ಎಂದೆ. “ತಪ್ಪು ನಂದ. ಅದನ್ನ ಹಿಡದು ಕೊಟ್ಟ ಉಪವಾಸಾನೂ ನಂದ.”

“ಮುಂದಿನ ಪಾಡ್ಯಕ್ಕ ಬರೇ ಹೂವು ಏರಸ್ರಿ ವೈನೀ” ಎಂದಳು ನಾದಿನಿ, ಮೂಗು ಒರೆಸಿಕೊಳ್ಳುತ್ತ.

ಶುಕ್ರವಾರ ಬರುವ ಮೊದಲೇ ಗುರುವಾರ ಬಂತಲ್ಲ, ಚೀಟಿ ಇದ್ದಲ್ಲೇ ಇತ್ತಲ್ಲ ಎಂದು ದೇವರ ಮುಂದೆ ದೀಪ ಹಚ್ಚಿ ಕೈಮುಗಿದೆ. ರಾತ್ರಿಯ ಊಟಕ್ಕೆ ಇಬ್ಬರು ಹೆಚ್ಚಿದ್ದರು. ಜೋಳದ ಹಿಟ್ಟಿನ ಡಬ್ಬಿ ಇಳಿಸಿ, ಜರಡಿ ಹಿಡಿಯಲು ಕೂತೆ.