ಹೆಬ್ಬಾವಿನ ಪೆಟ್ಟಿಗೆಯ ಮೇಲೆ ಮೂರು ತಟ್ಟು

ಐವತ್ತಮೂರು ದಾಟಿದ ಫೌಕಿಯಳಿಗೆ ಮಕ್ಕಳಿರಲಿಲ್ಲ. ಆ ಸೀಮೆಯಲ್ಲಿ ಹೆಂಗಸನ್ನು ಅವಳ ಹಿರಿಯ ಮಗನ ಹೆಸರು ಹಿಡಿದು, ಇಂಥವನ ತಾಯಿ ಎಂದು ಕರೆಯುವುದು ಮರ್ಯಾದೆ. ಮಗನೇ ಇಲ್ಲದವಳನ್ನು ಏನೆಂದು ಕರೆಯುವುದು? ನೆರೆಮನೆಯ ಕ್ಷೌರಿಕ, ಹಜ್ ಮಾಡಿಬಂದ ಹಾಜ್ ಮೆತ್ವಲ್ಲಿ ಎಂಬಾತ ಒಂದು ದಿನ ನಗೆಗೆಂದು ‘ಉಮ್ಮು ಹಯ್ಯಾ’ ಎಂದುಬಿಟ್ಟ, ಅಂದರೆ ಹಾವಿನ ತಾಯಿ. ಹೆಸರು ಅಂಟಿಕೊಂಡಿತು. ಅವಳು ಸಿಡುಕಲಿಲ್ಲ. ಸೃಷ್ಟಿಸಿದವನು ಮಡಿಲಿಗೆ ಹಾಕಿದ್ದನ್ನು ಸಾಕುವುದಷ್ಟೇ ತನ್ನ ಪಾಲಿನ ಕೆಲಸ, ಹೆಸರಿಡುವವರು ಇಟ್ಟುಕೊಳ್ಳಲಿ ಎಂದು ಒಲೆಯ ಕಡೆಗೆ ತಿರುಗಿದಳು.

ಈಜಿಪ್ಟಿನ ಗೀಝಾ ಪಟ್ಟಣದ ಪಶ್ಚಿಮಕ್ಕೆ, ಮೇವಿನ ಹೊಲಗಳು ಮುಗಿದು ಮರಳು ಮೊದಲಾಗುವ ಅಂಚಿನ ಹಳ್ಳಿಯಲ್ಲಿ ಅವಳ ತೌರುಮನೆ. ರಿಫಾಯಿ ಎಂಬ ಸೂಫಿ ಪಂಥಕ್ಕೆ ನಡೆದುಕೊಳ್ಳುವ ಹಾವುಗಾರರ ಮನೆತನ ಅದು. ಮಗುವಿಗೆ ಏಳು ತುಂಬಿದಾಗ ಮನೆಯ ಹಿರಿಯನು ಅದರ ಬಾಯಿಗೆ ಖರ್ಜೂರವಿಟ್ಟು ಪ್ರತಿಜ್ಞೆ ಹೇಳಿಸುವನು: ಹಾವನ್ನು ವಿನಾಕಾರಣ ಕೊಲ್ಲೆನು, ನೋಯಿಸೆನು, ಅದರ ವಿಷಯದಲ್ಲಿ ಸುಳ್ಳಾಡೆನು. ಫೌಕಿಯ ಆ ಖರ್ಜೂರ ತಿಂದಿದ್ದಳು. ಅವಳಿಗಿಂತ ಆರು ವರ್ಷಕ್ಕೆ ಕಿರಿಯನಾದ ತಮ್ಮ ದುಸೂಕಿಯೂ ತಿಂದಿದ್ದ. ವಿಧವೆಯಾಗಿ ತೌರಿಗೆ ಮರಳಿದ ಮೇಲೆ ಹಾವುಗಳ ಕೋಣೆಯ ಕಸ, ನೀರು, ಆಹಾರವೆಲ್ಲ ಅವಳ ಪಾಲಿಗೆ ಬಂತು; ಜನರ ಮುಂದೆ ಹಾವು ಎತ್ತಿ ತೋರಿಸುವುದು ತಮ್ಮನ ಪಾಲಿಗೆ.

ಆ ಮನೆಯ ಮುದ್ದಿನ ಜೀವ ಅಮೀರಾ. ಸೂಡಾನಿನ ಕಡೆಯಿಂದ ಬಂದ ವ್ಯಾಪಾರಿಯೊಬ್ಬನ ಚೀಲದಲ್ಲಿ, ಬರೀ ಮೊಳದುದ್ದದ ಮರಿಯಾಗಿ, ಅರೆಜೀವವಾಗಿ ಬಂದಿದ್ದ ಹೆಬ್ಬಾವು. ಫೌಕಿಯ ಅದನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ, ಒಲೆಯ ಹಿಂಬದಿಯ ಬೆಚ್ಚನೆಯ ಗೋಡೆಗೆ ಒರಗಿಸಿ ಬದುಕಿಸಿಕೊಂಡಳು. ಈಗ ಅದಕ್ಕೆ ನಾಲ್ಕು ವರ್ಷ, ಐದು ಮೊಳ ಉದ್ದ. ಹೊರಗೆ ಬಂದರೆ ನೆನೆದ ಹಗ್ಗದಂತೆ ತಣ್ಣಗೆ ತೋಳಿನ ಮೇಲೆ ಹರಿಯುತ್ತಿತ್ತು. ಆದರೆ ವರ್ಷದಿಂದೀಚೆಗೆ ಪೆಟ್ಟಿಗೆಯೊಳಗೆ ಇರುವಾಗ ಅದು ಬೇರೆಯೇ ಹಾವು. ಮುಚ್ಚಳ ತೆರೆದರೆ ಸಾಕು, ಕೊರಳನ್ನು ಬಿಲ್ಲಿನಂತೆ ಮಡಿಸಿ ಬುಸುಗುಟ್ಟುವುದು. ಕೈ ಕಂಡರೆ ಎರಗುವುದು. ಹತ್ತು ದಿನದ ಹಿಂದೆ ದುಸೂಕಿಯ ಅಂಗೈಯ ಬುಡವನ್ನು ಕಚ್ಚಿತ್ತು. ಹೆಬ್ಬಾವಿಗೆ ವಿಷವಿಲ್ಲ ನಿಜ, ಆದರೆ ಹಲ್ಲುಗಳೆಲ್ಲ ಒಳಮುಖವಾಗಿ ಬಾಗಿದ ಮುಳ್ಳುಗಳು. ಅವನು ಬೆದರಿ ಕೈಯನ್ನು ಸರಕ್ಕನೆ ಎಳೆದುಕೊಂಡ. ಚರ್ಮ ಸೀಳಿತು, ಎರಡು ಹಲ್ಲು ಮುರಿದು ಮಾಂಸದಲ್ಲೇ ಉಳಿದವು.

ಗಾಯ ಒಣಗುವ ಮುನ್ನವೇ ಪಟ್ಟಣದ ಶಾಲೆಯೊಂದರಿಂದ ಹೇಳಿಕೆ ಬಂತು: ಬರುವ ಶನಿವಾರ ಮಕ್ಕಳನ್ನು ಹಾವು ನೋಡಲು ಕರೆತರುತ್ತೇವೆ. ದುಸೂಕಿ ಅಂದೇ ತೀರ್ಮಾನ ಮಾಡಿದ. ಶುಕ್ರವಾರದ ನಮಾಜು ಮುಗಿದ ಮೇಲೆ ಅಮೀರಾಳ ಹಲ್ಲು ಕಿತ್ತುಬಿಡುವುದು. ಆ ಮನೆಯಲ್ಲಿ ಅದಕ್ಕೊಂದು ದಪ್ಪ ನೂಲಿನ ಬಟ್ಟೆಯೇ ಇತ್ತು. ಹಾವನ್ನು ಕೆಣಕಿ ಬಟ್ಟೆ ಕಚ್ಚಿಸಿ, ಒಮ್ಮೆಲೇ ಜಗ್ಗಿದರೆ ಹಲ್ಲುಗಳು ನೂಲಿಗೆ ಸಿಕ್ಕಿ ಕಿತ್ತುಬರುತ್ತವೆ. ಉಳಿದವನ್ನು ಚಿಮುಟದಿಂದ ತೆಗೆಯುವುದು.

ಫೌಕಿಯಳಿಗೆ ಆ ಬಟ್ಟೆಯ ಕಂದು ಕಲೆಗಳ ಗುರುತಿತ್ತು. ಎಂಟು ವರ್ಷದ ಹಿಂದೆ ಇನ್ನೊಂದು ಹೆಬ್ಬಾವಿಗೆ ಹೀಗೆಯೇ ಮಾಡಿದ್ದರು. ಅದರ ದವಡೆ ಕೀವುಗಟ್ಟಿ, ಬಾಯಿ ಮುಚ್ಚಲಾರದೆ, ತಿಂಗಳೊಪ್ಪತ್ತಿನಲ್ಲಿ ಸತ್ತಿತು. ಹೂಳಿದವಳು ಅವಳೇ.

ಅವಳು ತಮ್ಮನ ಎದುರಿಗೆ ಚಹಾದ ಲೋಟ ಇಟ್ಟು ಮಾತು ತೆಗೆದಳು.

“ಅಪ್ಪನ ಮಗನೇ, ಶುಕ್ರವಾರದ ತನಕ ಅದನ್ನ ನನ್ನ ಕೈಗೆ ಬಿಡು. ಅಷ್ಟರೊಳಗೆ ಪೆಟ್ಟಿಗೆಯಿಂದ ತಣ್ಣಗೆ ಹೊರಗೆ ತಂದು ತೋರಿಸ್ತೀನಿ. ಆಗಲಿಲ್ಲ ಅಂದ್ರೆ ನಿನ್ನ ಬಟ್ಟೆ ನಿನಗೆ.”

ದುಸೂಕಿ ಕಟ್ಟು ಹಾಕಿದ ಕೈಯನ್ನು ಮುಂದೆ ಚಾಚಿದ. “ನೀನು ಕೂಳು ಹಾಕೋಳು, ಅಕ್ಕಾ. ಕಚ್ಚಿಸಿಕೊಳ್ಳೋನು ನಾನು. ನಾಳೆ ಯಾರದೋ ಮಗುವಿಗೆ ಬಾಯಿ ಹಾಕಿದ್ರೆ ಪೊಲೀಸರು ನಿನ್ನನ್ನ ಕೇಳ್ತಾರಾ?”

ಅವನ ಮಾತು ತಪ್ಪೆಂದು ಅವಳು ಹೇಳಲಿಲ್ಲ. ಮಗುವಿನ ಜೀವ ದೊಡ್ಡದು, ನಿಜ. ಆದರೆ ಕೊಟ್ಟ ಪ್ರತಿಜ್ಞೆಯೂ ಸಣ್ಣದಲ್ಲ ಎಂದಷ್ಟೇ ಹೇಳಿ, ಅವನು ಚಹಾ ಮುಗಿಸುವವರೆಗೂ ಎದುರಿನಿಂದ ಕದಲಲಿಲ್ಲ. ಕೊನೆಗೆ ಅವನು ಶುಕ್ರವಾರದವರೆಗೆ ಎಂದು ತಲೆಯಾಡಿಸಿದ.

ಭಾನುವಾರ ಅವಳು ಚಾವಣಿಯ ಪಾರಿವಾಳಗಳಿಗೆ ಕಾಳು ಹಾಕಿ ಬಂದವಳೇ ಎಂದಿನಂತೆ ಪೆಟ್ಟಿಗೆಯ ಬಳಿ ಹೋದಳು. ಸತ್ತ ಮೊಲದ ಮರಿಯನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಟ್ಟಳು. ಅಮೀರಾ ಅದನ್ನು ಸುತ್ತಿ ನುಂಗಿತು. ತಿಂದ ಹಾವನ್ನು ನಾಲ್ಕು ದಿನ ಮುಟ್ಟಬಾರದು, ಮುಟ್ಟಿದರೆ ಹೆದರಿ ಕಕ್ಕಿಬಿಡುತ್ತದೆ. ಇದು ತಂದೆ ಕಲಿಸಿದ್ದು. ಲೆಕ್ಕಕ್ಕೆ ಗುರುವಾರದ ಹೊತ್ತಿಗೆ ಸರಿಹೋಗುತ್ತಿತ್ತು. ಅಲ್ಲಿಯವರೆಗೆ ಮಾಡಬೇಕಾದ್ದು ಒಂದೇ, ನೋಡುವುದು. ಸಹನೆಯುಳ್ಳವರ ಸಂಗಡ ದೇವರಿದ್ದಾನೆ ಎಂದು ನಾವು ಬಾಯಲ್ಲಿ ಎಷ್ಟು ಸಲ ಹೇಳುವುದಿಲ್ಲ! ಫೌಕಿಯ ಅದನ್ನು ಮಾಡಿಯೇ ನೋಡಿದಳು. ಸೋಮವಾರದಿಂದ ಬಟ್ಟೆ ಒಗೆಯುವ ಬಾನಿಯೊಂದನ್ನು ಬೋರಲು ಹಾಕಿ, ಮುಂಬದಿಗೆ ತಂತಿಬಲೆ ಹೊಡೆದ ಪೆಟ್ಟಿಗೆಯಿಂದ ನಾಲ್ಕು ಮೊಳ ದೂರದಲ್ಲಿ ಕುಳಿತು, ಮೊರದಲ್ಲಿ ಅವರೆಯಂಥ ಫೂಲ್ ಕಾಳು ಆರಿಸುತ್ತ ಹಾವನ್ನೇ ನೋಡತೊಡಗಿದಳು.

ಮೆತ್ವಲ್ಲಿ ಬಾಗಿಲಲ್ಲಿ ಇಣುಕಿದ. “ಏನು ಉಮ್ಮು ಹಯ್ಯಾ, ಮಗಳಿಗೆ ಗಂಡು ನೋಡ್ತಿದ್ದೀಯೋ?”

“ಹೂಂ ಹಾಜ್. ಕ್ಷೌರಿಕ ಆದ್ರೂ ಪರವಾಗಿಲ್ಲ ಅಂತ ಅಂದಿದ್ದಾಳೆ, ಬಾಯಿ ಮುಚ್ಕೊಂಡು ಇರೋನಾಗಿದ್ರೆ.”

ಅವನು ನಗುತ್ತ ಹೋದ. ಹಾವು ಕದಲಲಿಲ್ಲ. ಮಾತಿಗೆ, ನಗೆಗೆ, ಆಚೆ ಕತ್ತೆ ಅರಚಿದ್ದಕ್ಕೆ, ಯಾವುದಕ್ಕೂ ಅದು ತಲೆ ಎತ್ತಲಿಲ್ಲ. ಆದರೆ ತಮ್ಮನ ಹೆಂಡತಿ ಸೌಸನ್ ಚಾವಣಿಯ ಮರದ ಮೆಟ್ಟಿಲಿಳಿದು ಬಂದಾಗ, ಹೆಜ್ಜೆ ಹೆಜ್ಜೆಗೂ ಪೆಟ್ಟಿಗೆಯೊಳಗಿನ ಕೊರಳು ಮಡಿಕೆಯಾಯಿತು. ಪೆಟ್ಟಿಗೆ ಇದ್ದದ್ದೇ ಮೆಟ್ಟಿಲ ಕೆಳಗೆ. ಫೌಕಿಯ ಮೊರವನ್ನು ಬದಿಗಿಟ್ಟಳು.

ಮಂಗಳವಾರ ದುಸೂಕಿ ಬಂದು ನಿಂತ. ಆ ಮನೆಯವರು ಹಾವಿನ ಪೆಟ್ಟಿಗೆಯನ್ನು ಸುಮ್ಮನೆ ತೆರೆಯುವವರಲ್ಲ. ಮೊದಲು ‘ದಸ್ತೂರ್’ ಎಂದು ಅಪ್ಪಣೆ ಬೇಡುವರು. ಪ್ರತಿಜ್ಞೆಯ ಮಾತುಗಳನ್ನು ಗಟ್ಟಿಯಾಗಿ ಹೇಳುತ್ತ ಮುಚ್ಚಳದ ಮೇಲೆ ಕೋಲಿನಿಂದಲೋ ಬೆರಳ ಗಂಟಿನಿಂದಲೋ ಮೂರು ಬಾರಿ ತಟ್ಟುವರು. ಮುತ್ತಜ್ಜನಿಂದ ಬಂದ ಕ್ರಮ. ಹಾವು ಪ್ರತಿಜ್ಞೆಯನ್ನು ಕೇಳಿ ತಣ್ಣಗಾಗುತ್ತದೆಂದು ನಂಬಿಕೆ. ದುಸೂಕಿ ಮುಚ್ಚಳ ತೆರೆಯಲಿಲ್ಲ, ತಟ್ಟಿದನಷ್ಟೆ. ಅಮೀರಾ ಬುಸ್ಸೆಂದು ಬಲೆಗೆ ಎರಗಿತು.

“ನೋಡಿದೆಯಾ? ಪ್ರತಿಜ್ಞೆ ಕೇಳಿಯೂ ಎದುರು ಬೀಳ್ತದೆ” ಎಂದು ಅವನು ಹೊರಟುಹೋದ.

ಬುಧವಾರ ಬೆಳಕು ಹರಿದಾಗ ಫೌಕಿಯ ನೀರು ಬದಲಿಸಬೇಕಾಗಿತ್ತು. ಮೇಲಿನ ಮುಚ್ಚಳವನ್ನು ಮುಟ್ಟದೆ, ಪಕ್ಕದ ಹಲಗೆಯೊಂದನ್ನು ಮೆಲ್ಲನೆ ಸರಿಸಿ ಬೋಗುಣಿಯನ್ನು ಎಳೆದುಕೊಂಡಳು. ಹಾವು ನಾಲಗೆ ಆಡಿಸಿತು, ಅಷ್ಟೇ. ತಾಜಾ ನೀರನ್ನು ಒಳಗೆ ತಳ್ಳಿದಳು. ಆಗಲೂ ಬುಸುಗುಟ್ಟಲಿಲ್ಲ. ಸಂತೋಷದಿಂದ ಅವಳು ಎದ್ದು ನಿಂತು, ದೇವರನ್ನು ಸ್ತುತಿಸುತ್ತ, ನಲವತ್ತು ವರ್ಷದ ರೂಢಿಯಂತೆ ಮುಚ್ಚಳದ ಮೇಲೆ ಮೂರು ಸಲ ತಟ್ಟಿದಳು. ಅವಳ ಬೆರಳಿನಿಂದ ಗೇಣು ದೂರದಲ್ಲಿ ತೆರೆದ ಬಾಯಿಯೊಂದು ಬಲೆಗೆ ಅಪ್ಪಳಿಸಿತು.

ಫೌಕಿಯ ತನ್ನ ಕೈಯನ್ನೇ ನೋಡುತ್ತ ನಿಂತಳು. ಈ ಕೈಯೇ. ಮರಿಯಾಗಿದ್ದಂದಿನಿಂದ ಅದಕ್ಕೆ ಕೂಳು ಹಾಕುವಾಗಲೆಲ್ಲ ಮೊದಲು ತಟ್ಟಿ, ಆಮೇಲೆ ಮಾಂಸ ಇಳಿಸಿದ್ದು ಈ ಕೈ. ಅದೇ ತಟ್ಟಿನ ನಂತರ ಮೇಲಿನಿಂದ ಬಂದು ಗಬಕ್ಕನೆ ಹಿಡಿದೆತ್ತಿದ್ದು ತಮ್ಮನ ಕೈ. ಚಾವಣಿಯ ಪಾರಿವಾಳ ಮುಟ್ಟುವ ಎರಡು ಕೈಗೂ ಬೇಟೆಯ ವಾಸನೆ. ಪಾಪದ ಜೀವ, ಬಂದದ್ದು ಊಟವೋ ಶತ್ರುವೋ ಎಂದು ಹೇಗೆ ತಿಳಿಯಬೇಕು? ಅದು ಮಾತನ್ನು ಕೇಳುವುದಿಲ್ಲ, ನೆಲದ ನಡುಕವನ್ನು ಕೇಳುತ್ತದೆ. ತಾವು ಭಕ್ತಿಯೆಂದು ತಟ್ಟಿದ್ದು ಅದಕ್ಕೆ ಪ್ರತಿಸಲವೂ ಯುದ್ಧದ ನಗಾರಿಯಾಗಿತ್ತು. ನಮ್ಮ ಆರಾಧನೆಯ ಸದ್ದಿನಲ್ಲಿ ಎಷ್ಟು ಮೂಕಜೀವಗಳು ಬೆದರಿವೆಯೋ, ಬಲ್ಲವನು ಒಬ್ಬನೇ.

ಅವಳು ಬಹಳ ಹೊತ್ತು ಕೊರಗುತ್ತ ಕೂರಲಿಲ್ಲ. ಉಳಿದದ್ದು ಎರಡು ದಿನ. ಸೌಸನ್‌ಳನ್ನು ಕರೆದು, ಇಬ್ಬರೂ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನಿಂದ ಮಣ್ಣುನೆಲದ ಮೂಲೆಗೆ ಮೆಲ್ಲನೆ ಎಳೆದರು. ಪಕ್ಕದ ಹಲಗೆಯನ್ನೇ ಬಾಗಿಲಾಗಿ ಮಾಡಿದಳು. ಒಡೆದ ಹೂಜಿಯ ದೊಡ್ಡ ಹೋಳೊಂದನ್ನು ಅಡಗಲು ಮರೆಯಾಗಿ ಒಳಗೆ ಸರಿಸಿದಳು. ಕೊಕ್ಕೆ ಕೋಲಿನ ತುದಿಗೆ ಮೆತ್ತನೆಯ ಅರಿವೆ ಸುತ್ತಿದಳು.

ಗುರುವಾರ ಮಧ್ಯಾಹ್ನ ಕೈಯನ್ನು ಮೊಣಕೈವರೆಗೆ ಸಾಬೂನಿನಿಂದ ತೊಳೆದು, ತಂದೆಯ ಕಾಲದ ಚರ್ಮದ ಕೈಗವಸು ತೊಟ್ಟಳು. ಐದು ಮೊಳದ ಹಾವನ್ನು ಒಬ್ಬರೇ ಎತ್ತಬಾರದೆಂದು ಸೌಸನ್‌ಳನ್ನು ಮಗ್ಗುಲಲ್ಲಿ ನಿಲ್ಲಿಸಿಕೊಂಡಳು. ಬಾಗಿಲು ಸರಿಸಿ, ಕೋಲಿನ ಮೆತ್ತನೆಯ ತುದಿಯಿಂದ ಹಾವಿನ ನಡುಬೆನ್ನನ್ನು ಸವರಿದಳು. ಇದು ಊಟವಲ್ಲ ಎಂದು ಹೇಳುವ ಹೊಸ ಮಾತು ಅದು. ಹಾವು ಬುಸುಗುಟ್ಟಿತು. ಅವಳು ಕೋಲನ್ನು ಹಿಂದೆ ಎಳೆಯಲಿಲ್ಲ, ಮುಂದೆ ಒತ್ತಲೂ ಇಲ್ಲ. ಉಸಿರು ಇಳಿದ ಮೇಲೆ ಕೈ ಒಳಗಿಟ್ಟಳು. ಅವಸರವಾಯಿತೋ ಏನೋ, ಅಮೀರಾ ತಿರುಗಿ ಕೈಗವಸನ್ನು ಕಚ್ಚಿ ಹಿಡಿಯಿತು.

ಸೌಸನ್ ಅವಳ ತೋಳನ್ನು ಜಗ್ಗಲು ಬಂದಳು. “ಮುಟ್ಟಬೇಡ” ಎಂದಳು ಫೌಕಿಯ. “ಎಳೆದ್ರೆ ಅದರ ಹಲ್ಲು ಹೋಗ್ತದೆ, ನನ್ನ ಚರ್ಮ ಹೋಗ್ತದೆ. ನಿಂತ್ಕೊ.” ಹಣೆಯ ಬೆವರು ಕಣ್ಣಿಗಿಳಿದರೂ ಕೈ ಕದಲಲಿಲ್ಲ. ನೂರಕ್ಕೂ ಹೆಚ್ಚು ಸಲ ಮನಸ್ಸಿನಲ್ಲೇ ದೇವರ ನಾಮ ಎಣಿಸಿದಳು. ಹಾವು ತಾನಾಗಿ ದವಡೆ ಸಡಿಲಿಸಿ, ಹೂಜಿಯ ಹೋಳಿನ ಕೆಳಗೆ ಸರಿಯಿತು. ಚರ್ಮದ ಕೈಗವಸು ತೂತಾಗಿತ್ತು; ಒಳಗಿನ ಕೈ ಬರೀ ಕೆಂಪಾಗಿತ್ತು. ಮೆಟ್ಟಿಲ ಮೇಲೆ ದುಸೂಕಿ ನಿಂತಿದ್ದ. ಅವನು ಎಲ್ಲವನ್ನೂ ನೋಡಿದ್ದ. ಅಲ್ಲಿಂದ ಇಳಿದು ಹೋದ.

ಸಂಜೆ ಮತ್ತೊಮ್ಮೆ, ಕೋಲಿನಿಂದ ಮಾತ್ರ, ಸವರಿದಳು. ಶುಕ್ರವಾರ ಬೆಳಗ್ಗೆ ಇನ್ನೊಮ್ಮೆ. ಆಗ ಬುಸುಗುಟ್ಟುವಿಕೆ ಅರ್ಧಕ್ಕಿಳಿದಿತ್ತು.

ನಮಾಜು ಮುಗಿಸಿ ದುಸೂಕಿ ಬಂದ. ಬಿಳಿ ನಿಲುವಂಗಿಯ ತೋಳಿನ ಮೇಲೆ ಮಡಿಸಿದ ದಪ್ಪ ಬಟ್ಟೆ, ಜೇಬಿನಲ್ಲಿ ಚಿಮುಟ. ಹಿಂದೆಯೇ ಮೆತ್ವಲ್ಲಿ, ಹಲ್ಲು ಕೀಳುವುದಕ್ಕೂ ತನ್ನ ಅಂಗಡಿಯಲ್ಲಿ ಸಾಮಾನು ಇದೆಯೆಂದು ಹೇಳುತ್ತ ಬಂದ. ಹೊಸ ಜಾಗದಲ್ಲಿದ್ದ ಪೆಟ್ಟಿಗೆಯನ್ನು ಕಂಡು ಹೊಸ್ತಿಲಲ್ಲೇ ನಿಂತ. ದುಸೂಕಿ ‘ದಸ್ತೂರ್’ ಎನ್ನುತ್ತ ಬಾಗಿ, ತಟ್ಟಲು ಕೈ ಎತ್ತಿದ. ಫೌಕಿಯ ಆ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದಳು.

“ತಟ್ಟಬೇಡ.”

“ಮುತ್ತಜ್ಜನ ಕ್ರಮ ಅಕ್ಕಾ ಇದು. ಪ್ರತಿಜ್ಞೆ ಹೇಳದೆ ತೆಗೀಬೇಕಾ?”

“ಹೇಳು, ಮನಸ್ಸಿನಲ್ಲಿ ಹೇಳು. ಖರ್ಜೂರ ತಿಂದು ಪ್ರತಿಜ್ಞೆ ಮಾಡಿದ್ದು ನಾನು ನೀನು, ದುಸೂಕಿ. ಹಾವು ಮಾಡಿಲ್ಲ. ಅದು ತಪ್ಪೋಕೆ ಹೇಗೆ ಸಾಧ್ಯ? ಉಳಿಸ್ಕೋಬೇಕಾದವರು ನಾವು.”

ಅವನ ಕೈ ಅವಳ ಹಿಡಿತದಲ್ಲಿ ಸ್ವಲ್ಪ ಹೊತ್ತು ಬಿಗಿಯಾಗಿಯೇ ಇತ್ತು. ಆಮೇಲೆ ಕೆಳಗಿಳಿಯಿತು.

ಅವಳು ಕೈ ತೊಳೆದಳು, ಕೈಗವಸು ತೊಟ್ಟಳು, ಬಿಸ್ಮಿಲ್ಲಾ ಎಂದು ಬಾಗಿಲು ಸರಿಸಿದಳು. ಕೋಲು ನಡುಬೆನ್ನನ್ನು ಸವರಿತು. ಅಮೀರಾ ತಲೆ ಎತ್ತಿತು. ಕೊರಳು ಮಡಿಯಲಿಲ್ಲ. ನಾಲಗೆ ಒಮ್ಮೆ ಬಂತು, ಮತ್ತೊಮ್ಮೆ ಬಂತು, ನಿಧಾನವಾಗಿ. ಫೌಕಿಯ ಕೊಕ್ಕೆಯನ್ನು ಮೈಯ ಕೆಳಗೆ ತೂರಿಸಿ ಮುಂದಿನ ಭಾಗವನ್ನು ತುಸು ಎತ್ತಿದಳು, ಇನ್ನೊಂದು ಕೈಯನ್ನು ನಡುವಿಗೆ ಆಸರೆಯಾಗಿ ಕೊಟ್ಟಳು, ತಲೆಯನ್ನು ಯಾರ ಮುಖದ ಕಡೆಗೂ ತಿರುಗಗೊಡದೆ ಹಿಂದಕ್ಕೆ ಸರಿದಳು. ಐದು ಮೊಳದ ಹಾವು ಪೆಟ್ಟಿಗೆಯಿಂದ ಅವಳ ತೋಳಿಗೆ ನೀರಿನಂತೆ ಹರಿದುಬಂತು.

“ಹಿಂದಿನ ಭಾರ ಹಿಡಿ. ಮೊದಲು ಕೈ ತೊಳ್ಕೊ” ಎಂದಳು.

ದುಸೂಕಿ ತೋಳಿನ ಮೇಲಿದ್ದ ಬಟ್ಟೆಯನ್ನು ಎಲ್ಲಿಡುವುದೆಂದು ಒಮ್ಮೆ ಸುತ್ತ ನೋಡಿದ. ಪೆಟ್ಟಿಗೆಯ ಬಲೆಯ ಮೇಲೆ ಬೆಳಕಿಗೆ ಮರೆಯಾಗುವಂತೆ ಇಳಿಬಿಟ್ಟ. ಕೈ ತೊಳೆದು ಬಂದು ಹಾವಿನ ಬಾಲದ ಕಡೆಯನ್ನು ಎರಡೂ ಕೈಯಲ್ಲಿ ಹೊತ್ತು ನಿಂತ. ಕೊರಳಿಗೆ ಸುತ್ತಿಕೊಳ್ಳಬಹುದೇ ಎಂದು ಮೆಲ್ಲನೆ ಕೇಳಿದ. ಶನಿವಾರ ಮಕ್ಕಳಿಗೆ ಹಾಗೆಯೇ ತೋರಿಸುವ ರೂಢಿಯಿತ್ತು.

“ಕೊರಳಿಗೆ ಬೇಡ. ನಾಳೆಯೂ ಬೇಡ, ಇನ್ನು ಮೇಲೂ ಬೇಡ. ಮಕ್ಕಳು ನಾಲ್ಕು ಹೆಜ್ಜೆ ದೂರದಿಂದ ನೋಡ್ಲಿ. ತೆಗೆಯೋಳು ನಾನು.”

ಆ ಮನೆತನದಲ್ಲಿ ಹೆಂಗಸು ಜನರ ಮುಂದೆ ಹಾವು ತೆಗೆದದ್ದಿರಲಿಲ್ಲ. ದುಸೂಕಿ ಮೆತ್ವಲ್ಲಿಯ ಮುಖ ನೋಡಿದ. ಮೆತ್ವಲ್ಲಿ ಗಡ್ಡ ನೀವಿಕೊಂಡು, ಮಗಳನ್ನು ಅಂಗಳಕ್ಕೆ ಕರೆತರುವುದು ತಾಯಿಯ ಹಕ್ಕಲ್ಲವೇ ಎಂದ. ಈ ಸಲ ಯಾರೂ ನಗಲಿಲ್ಲ.

ಶನಿವಾರ ಬಿಸಿಲೇರುವ ಮುನ್ನ ಮಕ್ಕಳು ಬಂದು ಅಂಗಳದಲ್ಲಿ ಎಳೆದ ಸುಣ್ಣದ ಗೆರೆಯ ಹಿಂದೆ ಸಾಲಾಗಿ ಕುಳಿತರು. ಫೌಕಿಯ ಬಾನಿಯ ಬಳಿ ಕೈ ತೊಳೆಯುತ್ತಿದ್ದಳು. ಅಷ್ಟರಲ್ಲಿ ಅವರ ಶಿಕ್ಷಕಿ ಪೆಟ್ಟಿಗೆಯ ಹತ್ತಿರ ಹೋಗಿ, ಹಾವು ಎಚ್ಚರವಾಗಿದೆಯೋ ನೋಡೋಣವೆಂದು ಬೆರಳು ಮಡಿಸಿ ಹಲಗೆಯ ಕಡೆಗೆ ಕೈ ಒಯ್ದರು. ದುಸೂಕಿ ದಾಪುಗಾಲಿಟ್ಟು ಬಂದು, ಕಟ್ಟು ಹಾಕಿದ ತನ್ನ ಕೈಯನ್ನು ಅವರ ಬೆರಳಿಗೂ ಹಲಗೆಗೂ ನಡುವೆ ಅಡ್ಡ ಹಿಡಿದ.

“ಕ್ಷಮಿಸಿ ಟೀಚರಮ್ಮ” ಎಂದ. “ಈ ಮನೇಲಿ ತಟ್ಟೋದಿಲ್ಲ.”